ಶೇ 226: ಒಂದು ಅಂಕಿ ಹುಬ್ಬಳ್ಳಿಯ ಡೆಸ್ಕಿಗೆ ಬಂದಾಗ

2019ರ ಮಾರ್ಚ್ 22ರಂದು ವಾಷಿಂಗ್ಟನ್ ಪೋಸ್ಟ್ ಜಾಲತಾಣದ ‘ಮಂಕಿ ಕೇಜ್’ ಅಂಕಣದಲ್ಲಿ ಮೂವರು ರಾಜ್ಯಶಾಸ್ತ್ರಜ್ಞರ ಬರಹವೊಂದು ಪ್ರಕಟವಾಯಿತು. ಬರೆದವರು ಅಯಲ್ ಫೈನ್‌ಬರ್ಗ್, ರೆಜಿನಾ ಬ್ರಾಂಟನ್ ಮತ್ತು ವ್ಯಾಲರಿ ಮಾರ್ಟಿನೆಜ್-ಎಬರ್ಸ್. 2016ರಲ್ಲಿ ಡೊನಾಲ್ಡ್ ಟ್ರಂಪ್ ಪ್ರಚಾರ ಸಭೆ ನಡೆಸಿದ ಕೌಂಟಿಗಳಲ್ಲಿ (ಅಲ್ಲಿನ ರಾಜ್ಯಗಳೊಳಗಿನ ಆಡಳಿತ ವಿಭಾಗಗಳು) ದ್ವೇಷಾಪರಾಧ, ಅಂದರೆ ಧರ್ಮ, ಜನಾಂಗದಂಥ ಗುರುತಿನ ಕಾರಣಕ್ಕೆ ನಡೆಯುವ ಅಪರಾಧ, ಶೇ 226ರಷ್ಟು ಹೆಚ್ಚಾಯಿತು ಎಂಬುದು ಶೀರ್ಷಿಕೆಯ ತಾತ್ಪರ್ಯ. ಅಂಕಿ ಅಮೆರಿಕದ ಟಿವಿ, ಪತ್ರಿಕೆ, ಜಾಲತಾಣಗಳಲ್ಲಿ ಜೋರಾಗಿಯೇ ಓಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಾರ್ವರ್ಡ್‌ನ ಇಬ್ಬರು ಪಿಎಚ್‌.ಡಿ. ವಿದ್ಯಾರ್ಥಿಗಳು, ಮ್ಯಾಥ್ಯೂ ಲಿಲಿ ಮತ್ತು ಬ್ರಯನ್ ವೀಟನ್, ಅದೇ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿ, ಅದು ನಿಲ್ಲುವಂಥದ್ದಲ್ಲ ಎಂದು ‘ರೀಸನ್’ ಪತ್ರಿಕೆಯಲ್ಲಿ ಬರೆದರು. ಎರಡನೆಯ ಸುದ್ದಿಗೆ ಮೊದಲನೆಯದರ ಓಟ ಸಿಗಲಿಲ್ಲ.

ದ್ವೇಷಾಪರಾಧದ ಸಂಶೋಧನೆ ಸುದ್ದಿಯಾಗುವಾಗ ಎಲ್ಲೆಲ್ಲಿ ಕೆಡುತ್ತದೆ ಎಂದು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಲ್ಲಿ ಅಧ್ಯಯನ, ಅದರ ವಿಮರ್ಶೆ, ಅಂಕಿಗಳೆಲ್ಲ ನಿಜ. ಡೆಸ್ಕ್ (ಸುದ್ದಿ ತಿದ್ದಿ ಪುಟಕ್ಕೆ ಹಾಕುವ ವಿಭಾಗ) ಮತ್ತು ಕಾಪಿ (ಅಚ್ಚಿಗೆ ಹೋಗುವ ಸುದ್ದಿಬರಹ) ಮಾತ್ರ ಅಭ್ಯಾಸಕ್ಕೆಂದು ಕಟ್ಟಿಕೊಂಡದ್ದು. ಹುಬ್ಬಳ್ಳಿಯ ಒಂದು ಕನ್ನಡ ದಿನಪತ್ರಿಕೆ. ಮಾರ್ಚ್ 25, ಸೋಮವಾರ, ರಾತ್ರಿ ಎಂಟೂವರೆ. ವಿದೇಶ ಪುಟದಲ್ಲಿ ಎರಡು ಕಾಲಂ ಜಾಗ ಖಾಲಿ ಇದೆ, ಹತ್ತಕ್ಕೆ ಪುಟ ಹೋಗಬೇಕು. ಲೋಕಸಭೆ ಚುನಾವಣೆ ಘೋಷಣೆಯಾಗಿ ಎರಡು ವಾರ ಕಳೆದಿದೆ. ಧಾರವಾಡ, ಹಾವೇರಿ ಕ್ಷೇತ್ರಗಳಿಗೆ ಏಪ್ರಿಲ್ 23ರಂದು ಮತದಾನ. ‘ಪ್ರಚಾರ ಸಭೆ’ ಎಂಬ ಪದವೇ ಓದುಗನ ಕಣ್ಣು ಹಿಡಿಯುವ ಹೊತ್ತು ಅದು.

ಬಂದ ಕಾಪಿ, ಹೊರಟ ಕಾಪಿ

ಇಂಗ್ಲಿಷ್ ಕಾಪಿ ಹಿಡಿದು ಹತ್ತು ನಿಮಿಷದಲ್ಲಿ ಉಪಸಂಪಾದಕ ಇಳಿಸಿದ್ದು ಹೀಗಿದೆ ಎಂದಿಟ್ಟುಕೊಳ್ಳಿ:

“ಟ್ರಂಪ್ ಸಭೆ: ದ್ವೇಷ ಅಪರಾಧ 226 ಪಟ್ಟು ಏರಿಕೆ
ವಾಷಿಂಗ್ಟನ್: ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಚುನಾವಣಾ ಪ್ರಚಾರ ಸಭೆ ನಡೆಸಿದ ಜಿಲ್ಲೆಗಳಲ್ಲಿ, ಸಭೆಯ ನಂತರ ದ್ವೇಷ ಅಪರಾಧ ಪ್ರಕರಣಗಳು ಶೇ 226ರಷ್ಟು ಹೆಚ್ಚಿವೆ ಎಂಬ ಆಘಾತಕಾರಿ ಅಂಶವನ್ನು ಸಮೀಕ್ಷೆಯೊಂದು ಬಹಿರಂಗಪಡಿಸಿದೆ. ಟ್ರಂಪ್ ಭಾಷಣವೇ ಇದಕ್ಕೆ ಕಾರಣ ಎಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ.”

ಒಂದು ಶೀರ್ಷಿಕೆ, ಎರಡು ವಾಕ್ಯ; ಏಳು ತಪ್ಪು. ‘226 ಪಟ್ಟು’, ‘ಜಿಲ್ಲೆ’, ‘ಸಭೆಯ ನಂತರ’, ‘ಅಪರಾಧ ಪ್ರಕರಣ’, ‘ಸಮೀಕ್ಷೆ’, ‘ಬಹಿರಂಗ’, ‘ಕಾರಣ’. ಇವುಗಳಲ್ಲಿ ಎರಡು ಇಂಗ್ಲಿಷಿನಿಂದಲೇ ಬಂದವು: ಘಟನೆಗಳನ್ನು ಅಪರಾಧ ಎಂದು ಕರೆದದ್ದು, ಮತ್ತು ಎರಡು ಜಾಗಗಳ ನಡುವಿನ ಹೋಲಿಕೆಯನ್ನು ‘ಹೆಚ್ಚಾಯಿತು’ ಎಂದು ಕಾಲದ ಏರಿಕೆಯಂತೆ ಹೇಳಿದ್ದು. ಉಳಿದ ಐದು ಇಲ್ಲಿಯೇ, ಹುಬ್ಬಳ್ಳಿಯಲ್ಲೇ ಹುಟ್ಟಿದವು. ‘ಆಘಾತಕಾರಿ’ಯನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಿಲ್ಲ, ಅದು ಬರೀ ಚಟ.

ಮೊದಲು ಸುಲಭದ್ದು ಮುಗಿಸೋಣ. ಡೆಸ್ಕಿನಲ್ಲಿ ಈ ಮಾತು ವಾರಕ್ಕೊಮ್ಮೆಯಾದರೂ ನಡೆಯುವಂಥದ್ದೇ:

“ಸರ್, ಇನ್ನೂರಾ ಇಪ್ಪತ್ತಾರು ಪರ್ಸೆಂಟ್ ಅಂದ್ರ ಎರಡು ಪಟ್ಟು ಚಿಲ್ಲರೆ ಆಗ್ತದ ಅಲ್ರೀ?”

“ಹೆಚ್ಚಳ ಅಂತ ಐತಲ್ಲೋ ತಮ್ಮಾ. ಮೊದಲಿದ್ದದ್ದು ಎಲ್ಲಿ ಹೋತು? ಅದನ್ನೂ ಕೂಡಸು.”

“ಹಂಗಾದ್ರ ಮೂರೂ ಕಾಲು ಆತು ನೋಡ್ರಿ.”

ಹೌದು, 3.26 ಪಟ್ಟು. ನಾಲ್ಕು ಘಟನೆ ಇದ್ದಲ್ಲಿ ಶೇ 226 ಎಂದರೆ 9. ಶೇ 226ರಷ್ಟು ಹೆಚ್ಚಳ ಎಂದರೆ 13. 226 ಪಟ್ಟು ಎಂದರೆ 904. ಶೀರ್ಷಿಕೆಯಲ್ಲಿ ‘ಶೇ’ ಎಂಬ ಒಂದಕ್ಷರ ಬಿದ್ದುಹೋಗಿ ‘ಪಟ್ಟು’ ಸೇರಿಕೊಂಡರೆ 13 ಹೋಗಿ 904 ಆಗುತ್ತದೆ. ಜಾಗ ಸಾಲದಿದ್ದರೆ ‘ಮೂರು ಪಟ್ಟು’ ಎಂದು ಹಾಕಿದರೂ ನಡೆದೀತು.

‘ಸಮೀಕ್ಷೆ’ ಎಂದರೆ ಹೋಗಿ ಜನರನ್ನು ಕೇಳುವುದು. ಇಲ್ಲಿ ಯಾರೂ ಯಾರನ್ನೂ ಕೇಳಿಲ್ಲ. ಬೇರೆ ಸಂಸ್ಥೆ ಕೂಡಿಸಿಟ್ಟಿದ್ದ ಪಟ್ಟಿಯನ್ನು ತೆಗೆದುಕೊಂಡು ಅಂಕಿಸಂಖ್ಯಾಶಾಸ್ತ್ರದ ಲೆಕ್ಕ ಹಾಕಿದ್ದಾರೆ. ಆ ಪ್ರಬಂಧ ಆಗಿನ್ನೂ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಗಿರಲಿಲ್ಲ. ‘ಬಹಿರಂಗಪಡಿಸಿದೆ’ ಎಂದರೆ ಇದ್ದ ಸತ್ಯದ ಮೇಲಿನ ಮುಸುಕು ತೆಗೆದಂತೆ ಕೇಳಿಸುತ್ತದೆ. ಕರಡು ಹಂತದ ಪ್ರಬಂಧ ಏನನ್ನೂ ಬಹಿರಂಗಪಡಿಸುವುದಿಲ್ಲ, ಅಂದಾಜಿಸುತ್ತದೆ. ಇನ್ನು ‘ಕಾರಣ’: ಟ್ರಂಪ್ ಭಾಷಣವೇ ಜನರಿಂದ ಹೀಗೆ ಮಾಡಿಸಿತು ಎಂದು ಖಚಿತವಾಗಿ ಹೇಳಲಾಗದು ಎಂದು ಆ ಮೂವರು ಲೇಖಕರೇ ತಮ್ಮ ಬರಹದಲ್ಲಿ ಒಪ್ಪಿಕೊಂಡಿದ್ದರು. ಅಂದರೆ ‘ತಜ್ಞರು ಅಭಿಪ್ರಾಯಪಟ್ಟಿದ್ದಾರೆ’ ಎಂಬ ವಾಕ್ಯ, ತಜ್ಞರು ಹೇಳಿದ್ದಕ್ಕೆ ನೇರ ವಿರುದ್ಧ.

ಎಣಿಸಿದ್ದು ಏನನ್ನು

ಕನ್ನಡದ್ದೇ ಆದ ಎರಡು ತೊಡಕುಗಳು ಇಲ್ಲಿವೆ. ಇಂಗ್ಲಿಷ್ ಡೆಸ್ಕಿನವರಿಗೆ ಇವು ಬರುವುದೇ ಇಲ್ಲ.

ಒಂದು, ‘ದ್ವೇಷ’ ಎಂಬ ಪದ. ನಮ್ಮ ಜಿಲ್ಲಾ ಪುಟಗಳಲ್ಲಿ ‘ಹಳೇ ದ್ವೇಷ: ಯುವಕನ ಕೊಲೆ’ ಎಂಬ ಶೀರ್ಷಿಕೆ ಎಷ್ಟು ಸವೆದಿದೆ ಎಂದರೆ, ರೋಣದಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ‘ದ್ವೇಷದಿಂದ ಮಾಡಿದ ಅಪರಾಧ’ ಎಂದಾಗ ಓದುಗನ ಮನಸ್ಸಿಗೆ ಬರುವುದು ಬದುವಿನ ಜಗಳ, ಪಂಚಾಯಿತಿ ಚುನಾವಣೆಯ ಹಗೆ, ದಾಯಾದಿ ವೈಷಮ್ಯ. ದ್ವೇಷಾಪರಾಧ ಇದಲ್ಲ, ಹೆಚ್ಚುಕಡಿಮೆ ಇದರ ತಿರುವುಮುರುವು. ಹಲ್ಲೆ ಮಾಡಿದವನಿಗೆ ಹಲ್ಲೆಗೊಳಗಾದವನ ಗುರುತೇ ಇಲ್ಲದಿರಬಹುದು. ಜಾತಿ, ಧರ್ಮ, ಜನಾಂಗ, ಭಾಷೆ, ಅಂಗವೈಕಲ್ಯ, ಲಿಂಗತ್ವ ಇಂಥ ಯಾವುದೋ ಗುಂಪಿಗೆ ಸೇರಿದವನು ಎಂಬುದಷ್ಟೇ ಸಾಕಾಗಿರುತ್ತದೆ. ಆದ್ದರಿಂದ ಈ ಪದ ಬಂದ ಪ್ರತಿ ಸುದ್ದಿಯಲ್ಲೂ, ಎರಡನೆಯ ಪ್ಯಾರಾ ಮುಗಿಯುವುದರೊಳಗೆ, ಒಂದು ವಾಕ್ಯದ ವಿವರಣೆ ಬೇಕೇ ಬೇಕು. ಓದುಗರಿಗೆ ಗೊತ್ತಿರುತ್ತದೆ ಬಿಡಿ ಎನ್ನುವುದು ಡೆಸ್ಕಿನವರ ಭ್ರಮೆ.

ಎರಡು, ‘ಪ್ರಕರಣ’. ಕನ್ನಡ ಸುದ್ದಿಯಲ್ಲಿ ಪ್ರಕರಣ ‘ದಾಖಲಾಗು’ತ್ತದೆ, ಅಂದರೆ ಠಾಣೆ, ಎಫ್‌ಐಆರ್, ಕಲಂ. ಆ ಅಧ್ಯಯನ ಬಳಸಿದ್ದು ಪೊಲೀಸ್ ದಾಖಲೆಯನ್ನಲ್ಲ. ಎಡಿಎಲ್ ಎಂಬ, ಯಹೂದಿ ದ್ವೇಷದ ವಿರುದ್ಧ ಕೆಲಸ ಮಾಡುವ ಸಂಸ್ಥೆ ಇಡುವ ‘ಹೀಟ್ ಮ್ಯಾಪ್’ ಎಂಬ ನಕ್ಷೆಯನ್ನು. ಅದರಲ್ಲಿ ಕೊಲೆಯೂ ಇದೆ, ಹಲ್ಲೆಯೂ ಇದೆ, ಕಾಲೇಜಿನ ಗೋಡೆಗೆ ಜನಾಂಗವಾದಿ ಗುಂಪು ಅಂಟಿಸಿಹೋದ ಚೀಟಿಯೂ ಇದೆ. ಚೀಟಿ ಅಂಟಿಸಿದ್ದು ಹೇಯ. ಆದರೆ ಅಮೆರಿಕದ ಕಾನೂನಿನಲ್ಲಿ ಅದು ಬಹಳ ಸಲ ಅಪರಾಧವೇ ಅಲ್ಲ. ಹೀಗಾಗಿ ‘ದ್ವೇಷದ ಘಟನೆ’ ಎನ್ನಬೇಕು. ‘ಅಪರಾಧ ಪ್ರಕರಣ’ ಎಂದ ಕೂಡಲೇ ಚೀಟಿಗೂ ಎಫ್‌ಐಆರ್ ಹಾಕಿದಂತಾಯಿತು.

ಒಟ್ಟು ಸಂಖ್ಯೆಯ ಹೊಟ್ಟೆಯೊಳಗೆ ಏನಿರುತ್ತದೆ ಎನ್ನುವುದಕ್ಕೆ ಇದೇ ಸಂಸ್ಥೆಯ 2017ರ ವಾರ್ಷಿಕ ಲೆಕ್ಕವನ್ನು ಬಿಚ್ಚಿ ನೋಡಬಹುದು. ಯಹೂದಿ ವಿರೋಧಿ ಘಟನೆಗಳು 2016ರಲ್ಲಿ 1,267 ಇದ್ದದ್ದು 2017ರಲ್ಲಿ 1,986 ಆದವು. ಶೇ 57ರಷ್ಟು ಏರಿಕೆ. ಹೆಡ್‌ಲೈನ್ ಆದದ್ದು ಅದು. ಒಳಗೆ ಹೋದರೆ ಕಿರುಕುಳ 1,015, ಆಸ್ತಿಗೆ ಹಾನಿ 952, ದೈಹಿಕ ಹಲ್ಲೆ 19. ಹಿಂದಿನ ವರ್ಷ ಹಲ್ಲೆ 36 ಇದ್ದವು. ಅಂದರೆ ಒಟ್ಟು ಘಟನೆ ಅರ್ಧಕ್ಕಿಂತ ಹೆಚ್ಚು ಏರಿದ ವರ್ಷದಲ್ಲೇ ಹಲ್ಲೆ ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಇನ್ನೂ ಒಂದು: ಆ 1,986ರಲ್ಲಿ 163 ಬಾಂಬ್ ಬೆದರಿಕೆಗಳಿದ್ದವು, ಅವುಗಳಲ್ಲಿ ಹೆಚ್ಚಿನವನ್ನು ಮಾಡಿದವನು ಇಸ್ರೇಲ್‌ನಲ್ಲಿ ಕುಳಿತಿದ್ದ ಒಬ್ಬ ಹುಡುಗ. ಅವನ್ನು ತೆಗೆದರೆ 1,823 ಉಳಿಯುತ್ತದೆ. ಏರಿಕೆ ಶೇ 44ರ ಹತ್ತಿರ. ಏರಿಕೆ ಮಾಯವಾಗಲಿಲ್ಲ ಎಂಬುದನ್ನು ಗಮನಿಸಬೇಕು. ಬೆದರಿಕೆ ಕರೆ ಬಂದ ಕೇಂದ್ರಗಳಲ್ಲಿ ಮಕ್ಕಳನ್ನು ಹೊರಗೆ ಕಳಿಸಿದವರ ಹೆದರಿಕೆ ನಿಜವೇ ಆಗಿತ್ತು, ಆದ್ದರಿಂದ ಅವನ್ನು ಎಣಿಸಿದ್ದು ತಪ್ಪಲ್ಲ. ಎಣಿಸಿದ್ದನ್ನು ಓದುಗನಿಗೆ ಹೇಳದಿರುವುದು ತಪ್ಪು.

ಡೆಸ್ಕಿಗೆ ಇದರಿಂದ ಬರುವ ಕೆಲಸ ಸಣ್ಣದು. ಒಟ್ಟು ಅಂಕಿ ಬರೆದರೆ ಅದರ ಕೆಳಗೆ ವಿಂಗಡಣೆಯ ಸಾಲೊಂದನ್ನು ಬರೆಯುವುದು. ವಿಂಗಡಣೆ ಸಿಗದಿದ್ದರೆ ಒಟ್ಟು ಅಂಕಿಯನ್ನು ಶೀರ್ಷಿಕೆಗೆ ಏರಿಸದಿರುವುದು.

ನೆಹರೂ ಮೈದಾನದ ಲೆಕ್ಕ

ಇನ್ನು ನಿಜವಾದ ಗಂಟಿಗೆ ಬರೋಣ. ಶೇ 226 ಎಂಬುದು ಯಾವುದಕ್ಕಿಂತ ಹೆಚ್ಚು?

ಸಭೆಯ ಮೊದಲು ಇಷ್ಟಿತ್ತು, ಆಮೇಲೆ ಇಷ್ಟಾಯಿತು ಎಂದು ಓದುಗ ಅರ್ಥಮಾಡಿಕೊಳ್ಳುತ್ತಾನೆ. ಬರಹದಲ್ಲಿದ್ದದ್ದು ಬೇರೆ: ಸಭೆ ನಡೆದ ಕೌಂಟಿಗಳಲ್ಲಿ, ಸಭೆ ನಡೆಯದ ಹೋಲುವಂಥ ಕೌಂಟಿಗಳಿಗಿಂತ ಹೆಚ್ಚು. ಹಾಗಿದ್ದ ಮೇಲೆ ‘ಹೋಲುವಂಥ’ ಎನ್ನುವ ಪದದ ಮೇಲೆಯೇ ಇಡೀ ಅಂಕಿ ನಿಂತಿದೆ. ಯಾವ ವಿಷಯದಲ್ಲಿ ಹೋಲುವಂಥವು? ಲೇಖಕರು ಕೊಟ್ಟ ಪಟ್ಟಿಯಲ್ಲಿ ಅಪರಾಧದ ಪ್ರಮಾಣ, ದ್ವೇಷ ಗುಂಪುಗಳ ಸಂಖ್ಯೆ, ಅಲ್ಪಸಂಖ್ಯಾತರ ಪ್ರಮಾಣ, ಕಾಲೇಜು ಓದಿದವರ ಪ್ರಮಾಣ, ದೇಶದ ಯಾವ ಭಾಗ, ಯಾವ ತಿಂಗಳು ಎಂಬವೆಲ್ಲ ಇದ್ದವು. ಒಟ್ಟು ಜನಸಂಖ್ಯೆ ಇರಲಿಲ್ಲ.

‘ಕೌಂಟಿ’ಯನ್ನು ‘ಜಿಲ್ಲೆ’ ಎಂದದ್ದರ ತೊಂದರೆ ಇಲ್ಲಿ ತಿಳಿಯುತ್ತದೆ. 2011ರ ಜನಗಣತಿಯ ಪ್ರಕಾರ ಧಾರವಾಡ ಜಿಲ್ಲೆಯಲ್ಲಿ 18.47 ಲಕ್ಷ, ಹಾವೇರಿಯಲ್ಲಿ 15.98 ಲಕ್ಷ, ಗದಗದಲ್ಲಿ 10.65 ಲಕ್ಷ ಜನ. ಜಿಲ್ಲೆ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಹತ್ತು ಲಕ್ಷದ ಮೇಲಿನ ಜನ. ಈ ಮೂರು ಜಿಲ್ಲೆಗಳ ನಡುವೆ ಅಂತರ ಇದ್ದರೂ ಎರಡು ಪಟ್ಟಿನೊಳಗೆ. ಅಮೆರಿಕದ ಮೂರು ಸಾವಿರ ಚಿಲ್ಲರೆ ಕೌಂಟಿಗಳು ಹಾಗಲ್ಲ. 2020ರ ಅಲ್ಲಿನ ಗಣತಿಯಲ್ಲಿ ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿದ್ದವರು 64 ಜನ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಒಂದು ಕೋಟಿ. ಇವೆರಡನ್ನೂ ‘ಜಿಲ್ಲೆ’ ಎಂದು ಕರೆದರೆ ಓದುಗನಿಗೆ ಅನುಮಾನ ಬರುವ ದಾರಿಯನ್ನೇ ಮುಚ್ಚಿದಂತೆ. ಕೌಂಟಿ ಎಂದೇ ಬಿಡಬೇಕು.

ಈಗ ಊರಿನ ಲೆಕ್ಕ. ದೊಡ್ಡ ನಾಯಕ ಬಂದರೆ ಸಭೆ ಎಲ್ಲಿ? ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ; ಶಿರಹಟ್ಟಿಯ ಒಂದು ಹಳ್ಳಿಯಲ್ಲಲ್ಲ. ಜನ ಇದ್ದಲ್ಲಿ ಸಭೆ. ಜನ ಇದ್ದಲ್ಲಿ ಕಳ್ಳತನವೂ ಹೆಚ್ಚು, ಹೆರಿಗೆಯೂ ಹೆಚ್ಚು, ಗಿರ್ಮಿಟ್ ಅಂಗಡಿಯೂ ಹೆಚ್ಚು. ಸಭೆ ನಡೆದ ಊರುಗಳನ್ನೂ ನಡೆಯದ ಊರುಗಳನ್ನೂ ಎರಡು ಗುಂಪು ಮಾಡಿ ಏನನ್ನೇ ಎಣಿಸಿ, ಸಭೆ ನಡೆದ ಊರೇ ಗೆಲ್ಲುತ್ತದೆ.

ಬಾಯಿಲೆಕ್ಕಕ್ಕೆ, ಎಲ್ಲ ಊರಲ್ಲೂ ಲಕ್ಷ ಜನಕ್ಕೆ ವರ್ಷಕ್ಕೆ ಎರಡೇ ಘಟನೆ ಎಂದಿಟ್ಟುಕೊಳ್ಳೋಣ. ಇದು ಕಲ್ಪಿಸಿದ ಅಂಕಿ, ಎಲ್ಲಿಯೂ ಅಳೆದದ್ದಲ್ಲ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರದಲ್ಲಿ 9.44 ಲಕ್ಷ ಜನ: ಘಟನೆ 19. ಗದಗ-ಬೆಟಗೇರಿಯಲ್ಲಿ ಸುಮಾರು 1.73 ಲಕ್ಷ: 3. ಹಾವೇರಿ ಪಟ್ಟಣದಲ್ಲಿ ಸುಮಾರು 67 ಸಾವಿರ: 1. ಮೂರೂ ಕಡೆ ಅಪಾಯ ಒಂದೇ. ಆದರೆ ಹುಬ್ಬಳ್ಳಿಯಲ್ಲಿ ಮಾತ್ರ ಸಭೆ ನಡೆದಿದ್ದರೆ, ಹಾವೇರಿಗೆ ಹೋಲಿಸಿ ‘ಸಭೆ ನಡೆದಲ್ಲಿ ಶೇ 1,800ರಷ್ಟು ಹೆಚ್ಚು’ ಎಂದು ಬರೆಯಬಹುದು. ಲೆಕ್ಕದಲ್ಲಿ ಸುಳ್ಳಿಲ್ಲ, ಸುದ್ದಿ ಮಾತ್ರ ಸುಳ್ಳು.

ಲಿಲಿ ಮತ್ತು ವೀಟನ್ ಮಾಡಿದ್ದು ಇದನ್ನೇ. ಅದೇ ವಿಧಾನವನ್ನು ಟ್ರಂಪ್ ಎದುರಾಳಿಯಾಗಿದ್ದ ಹಿಲರಿ ಕ್ಲಿಂಟನ್ ಸಭೆಗಳಿಗೆ ಹಚ್ಚಿ ನೋಡಿದರು. ಟ್ರಂಪ್ ಸಭೆಗಳಿಗಿಂತಲೂ ದೊಡ್ಡ ‘ಹೆಚ್ಚಳ’ ಬಂತು. ಆಮೇಲೆ ಮೂಲ ಲೆಕ್ಕಕ್ಕೆ ಕೌಂಟಿಯ ಜನಸಂಖ್ಯೆಯನ್ನು ಸೇರಿಸಿದರು. ಟ್ರಂಪ್ ಸಭೆಯ ಪರಿಣಾಮ ಸೊನ್ನೆಯಿಂದ ಬೇರ್ಪಡಿಸಿ ಹೇಳಲಾಗದಷ್ಟಕ್ಕೆ ಇಳಿಯಿತು.

ಕ್ಲಿಂಟನ್ ಭಾಗವನ್ನು ಸುದ್ದಿ ಮಾಡುವಾಗ ಮತ್ತೆ ಕೈ ಜಾರುವ ಸಂಭವ ಬಹಳ. ‘ಕ್ಲಿಂಟನ್ ಸಭೆಯಿಂದಲೇ ಹೆಚ್ಚು ದ್ವೇಷ’ ಎಂದು ಶೀರ್ಷಿಕೆ ಕೊಟ್ಟರೆ ಅದು ಮೊದಲನೆಯದರ ಅಣ್ಣ. ವಿಮರ್ಶಕರು ಹೇಳಿದ್ದು ಅದಲ್ಲ: ಈ ತಕ್ಕಡಿಯಲ್ಲಿ ಏನಿಟ್ಟರೂ ಭಾರ ತೋರಿಸುತ್ತದೆ, ತಕ್ಕಡಿಯೇ ಸರಿಯಿಲ್ಲ ಎಂದು.

ಕಾಪಿಯ ಕೊನೆಯ ಪ್ಯಾರಾ

ಇಂಥ ಕಾಪಿಯ ಕೊನೆಗೆ ಹಿನ್ನೆಲೆಯ ಒಂದು ಪ್ಯಾರಾ ಇದ್ದೇ ಇರುತ್ತದೆ: ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಪ್ರಕಾರ ಆ ದೇಶದಲ್ಲಿ ದ್ವೇಷಾಪರಾಧ 2016ರ 6,121ರಿಂದ 2017ರಲ್ಲಿ 7,175ಕ್ಕೆ, ಅಂದರೆ ಶೇ 17ರಷ್ಟು ಏರಿದೆ. ಅಂಕಿ ಸರಿ. ಜಾಗ ಸಾಲದಾಗ ಕತ್ತರಿ ಬೀಳುವುದೂ ಈ ಪ್ಯಾರಾದ ಎರಡನೆಯ ವಾಕ್ಯಕ್ಕೆ, ಅದರಲ್ಲೇ ಜೀವ ಇರುವುದು: 2017ರಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು ಒಂದು ಸಾವಿರ ಹೆಚ್ಚು ಪೊಲೀಸ್ ಸಂಸ್ಥೆಗಳು ಮಾಹಿತಿ ಕಳಿಸಿದ್ದವು. ಏರಿದ್ದರಲ್ಲಿ ಅಪರಾಧ ಎಷ್ಟು, ಎಣಿಸುವವರು ಎಷ್ಟು ಎಂದು ಆ ಒಂದು ಶೇಕಡಾವಾರಿನಿಂದ ಬಿಡಿಸಲು ಬರುವುದಿಲ್ಲ. ಮಾಹಿತಿ ಕೊಟ್ಟ 16,149 ಸಂಸ್ಥೆಗಳಲ್ಲಿ ಒಂದಾದರೂ ದ್ವೇಷಾಪರಾಧ ವರದಿ ಮಾಡಿದವು 2,040 ಮಾತ್ರ. ಉಳಿದವು ಸೊನ್ನೆ ಬರೆದು ಕಳಿಸಿದವು. ಸೊನ್ನೆ ಎಂದರೆ ಘಟನೆ ನಡೆದಿಲ್ಲ ಎಂದೂ ಆಗಬಹುದು, ಯಾರೂ ದೂರು ಕೊಟ್ಟಿಲ್ಲ ಎಂದೂ ಆಗಬಹುದು, ಪೊಲೀಸರು ಆ ಕಣ್ಣಿನಿಂದ ನೋಡಿಲ್ಲ ಎಂದೂ ಆಗಬಹುದು.

ಅಲ್ಲಿನ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗ ಬೇರೆ ದಾರಿ ಹಿಡಿಯುತ್ತದೆ. ಮನೆಮನೆಗೆ ಹೋಗಿ ‘ನಿಮಗೆ ಹೀಗಾಗಿತ್ತೆ’ ಎಂದು ಕೇಳುತ್ತದೆ (ಸಮೀಕ್ಷೆ ಎಂಬ ಪದ ಇದಕ್ಕೆ ಸರಿ). ದ್ವೇಷದ ಮಾತು, ದ್ವೇಷದ ಗುರುತು, ಇಲ್ಲವೇ ಪೊಲೀಸರ ದೃಢೀಕರಣ, ಇವುಗಳಲ್ಲಿ ಒಂದಾದರೂ ಇದ್ದರೆ ಎಣಿಸುತ್ತದೆ. 2004ರಿಂದ 2015ರವರೆಗೆ ವರ್ಷಕ್ಕೆ ಸರಾಸರಿ 2.5 ಲಕ್ಷ, 2011-15ರಲ್ಲಿ ಶೇ 54ರಷ್ಟು ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ. ಒಂದು ಕಡೆ ಏಳು ಸಾವಿರ, ಇನ್ನೊಂದು ಕಡೆ ಎರಡೂವರೆ ಲಕ್ಷ. ಎರಡೂ ಸರ್ಕಾರದ್ದೇ, ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಎರಡನ್ನೂ ಒಂದೇ ಸುದ್ದಿಯಲ್ಲಿ ಬೆರೆಸಿ ‘35 ಪಟ್ಟು ಏರಿಕೆ’ ಎಂದು ಬರೆಯುವ ಕೈಗಳಿಗೆ ಮಾತ್ರ ಲಗಾಮು ಬೇಕು.

ಎಣಿಸುವವರು ಕಡಿಮೆಯಾದರೆ ಏನಾಗುತ್ತದೆ ಎಂಬುದು ಆಮೇಲೆ ಕಂಡಿತು. 2021ರಿಂದ ಎಫ್‌ಬಿಐ ಹೊಸ ದಾಖಲೆ ಪದ್ಧತಿಗೆ ಬದಲಾಯಿತು. 2022ರ ಡಿಸೆಂಬರಿನಲ್ಲಿ 2021ರ ಅಂಕಿ ಬಂದಾಗ 7,262 ಇತ್ತು. ಹಿಂದಿನ ವರ್ಷ ಎಂಟು ಸಾವಿರದ ಮೇಲಿತ್ತು. ‘ದ್ವೇಷಾಪರಾಧ ಇಳಿಕೆ’ ಎಂದು ಬರೆಯಲು ಎಲ್ಲ ಸಿದ್ಧ. ಆದರೆ 18,812 ಸಂಸ್ಥೆಗಳಲ್ಲಿ ಮಾಹಿತಿ ಕೊಟ್ಟಿದ್ದವು 11,834 ಮಾತ್ರ. ನ್ಯೂಯಾರ್ಕ್, ಲಾಸ್ ಏಂಜಲೀಸ್ ಪೊಲೀಸರೇ ಅದರಲ್ಲಿರಲಿಲ್ಲ. ಬಿಟ್ಟುಹೋದವರನ್ನು ಸೇರಿಸಿ 2023ರ ಮಾರ್ಚ್‌ನಲ್ಲಿ ಮತ್ತೆ ಪ್ರಕಟಿಸಿದಾಗ ಅದೇ 2021ರ ಅಂಕಿ 10,840.

ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. 1991ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ 35 ಲಕ್ಷ, 2001ರಲ್ಲಿ 16 ಲಕ್ಷ. ಹತ್ತೊಂಬತ್ತು ಲಕ್ಷ ಜನ ಗುಳೆ ಹೋಗಲಿಲ್ಲ. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಆ ಹತ್ತು ವರ್ಷದ ನಡುವೆ ‘ಧಾರವಾಡ ಜಿಲ್ಲೆ’ಯ ಯಾವ ಒಟ್ಟು ಅಂಕಿಯನ್ನು ಹೋಲಿಸಿದರೂ ಬಹುಪಾಲು ಇಳಿಕೆಯೇ ಸಿಗುತ್ತದೆ.

ಲೋಕಲ್ ಆ್ಯಂಗಲ್ ಎಂಬ ಆಸೆ

ಚುನಾವಣೆ ಹೊತ್ತಿನಲ್ಲಿ ಸುದ್ದಿ ಸಂಪಾದಕರು ಕೇಳುವುದು ಸಹಜ: ನಮ್ಮಲ್ಲಿ ಎಷ್ಟು, ಒಂದು ಬಾಕ್ಸ್ ಮಾಡಿ. ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಭಾರತದ ಠಾಣೆಗಳಲ್ಲಿ ‘ದ್ವೇಷಾಪರಾಧ’ ಎಂಬ ಶೀರ್ಷಿಕೆಯ ರಿಜಿಸ್ಟರ್ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ 2017ರಲ್ಲಿ ಗುಂಪು ಹತ್ಯೆ, ದ್ವೇಷಾಪರಾಧ ಮೊದಲಾದವುಗಳ ಮಾಹಿತಿ ತರಿಸಿಕೊಂಡಿತ್ತು. ಇವಕ್ಕೆ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲದ ಕಾರಣ ಮಾಹಿತಿ ನಂಬುವಂತಿರಲಿಲ್ಲ, ಹೀಗಾಗಿ ಸಂಗ್ರಹ ನಿಲ್ಲಿಸಲಾಯಿತು ಎಂದು 2021ರ ಡಿಸೆಂಬರಿನಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಜನಾಂಗ, ಜಾತಿ, ಸಮುದಾಯ, ಭಾಷೆ ಮುಂತಾದ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಮಾಡುವ ಕೊಲೆಗೆ ಪ್ರತ್ಯೇಕ ಉಪಕಲಂ ಬಂದದ್ದು ಭಾರತೀಯ ನ್ಯಾಯ ಸಂಹಿತೆಯಲ್ಲಿ, 103(2). ಅದು ಜಾರಿಯಾದದ್ದು 2024ರ ಜುಲೈ 1ರಿಂದ.

ಇದ್ದುದರಲ್ಲಿ ಗಟ್ಟಿಯಾದ ಅಂಕಿ ಎಂದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯದ್ದು, 1989ರ ಕಾಯ್ದೆ ಬೆನ್ನಿಗಿರುವುದರಿಂದ. ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧಗಳು ದೇಶದಲ್ಲಿ 2021ರಲ್ಲಿ 50,900, 2022ರಲ್ಲಿ 57,582. ಶೇ 13ರಷ್ಟು ಹೆಚ್ಚಾದದ್ದು ದಾಖಲಾದ ಪ್ರಕರಣಗಳು. ದೌರ್ಜನ್ಯ ಹೆಚ್ಚಾಯಿತೋ, ದೂರು ಕೊಡುವ ಧೈರ್ಯ ಹೆಚ್ಚಾಯಿತೋ ಎಂದು ಆ ಎರಡು ಸಂಖ್ಯೆಗಳಷ್ಟೇ ಹೇಳಲಾರವು. ಇವನ್ನು ತೆಗೆದುಕೊಂಡು ಟ್ರಂಪ್ ಸಭೆಯ ಸುದ್ದಿಯ ಪಕ್ಕ ಬಾಕ್ಸ್ ಮಾಡಿದರೆ ಯಾವುದಕ್ಕೂ ಯಾವುದೂ ಸೇರುವುದಿಲ್ಲ.

ಸುದ್ದಿ ವರದಿಗಳನ್ನೇ ಕೂಡಿಸಿ ಪಟ್ಟಿ ಮಾಡುವವರೂ ಇದ್ದಾರೆ. ಇಂಡಿಯಾಸ್ಪೆಂಡ್ ಸಂಸ್ಥೆ ‘ಹೇಟ್ ಕ್ರೈಮ್ ವಾಚ್’ ಎಂಬ ಅಂಥ ಪಟ್ಟಿಯನ್ನು 2018ರಲ್ಲಿ ಶುರುಮಾಡಿ 2019ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಿತು. ಇಂಥ ಪಟ್ಟಿಗಳಲ್ಲಿ ಜಿಲ್ಲಾ ವರದಿಗಾರನ ಪಾಲು ದೊಡ್ಡದು, ಅವನಿಗೇ ಅದು ಗೊತ್ತಿರುವುದಿಲ್ಲ. ಮುಂಡರಗಿಯ ಬಿಡಿಸುದ್ದಿಗಾರ ದೂರುದಾರನ ಮಾತು ಬಿಟ್ಟು ‘ಹಳೇ ದ್ವೇಷ’ ಎಂದು ಒಂದು ಸಾಲು ಬರೆದರೆ ಆ ಘಟನೆ ಪಟ್ಟಿಗೆ ಸೇರುವುದಿಲ್ಲ. ಎಫ್‌ಐಆರ್‌ನಲ್ಲಿ ಇಲ್ಲದ ‘ಕೋಮು ದ್ವೇಷ’ವನ್ನು ಅವನೇ ಸೇರಿಸಿದರೆ, ಸೇರುತ್ತದೆ. ನಾಳೆ ಸಂಶೋಧಕರು ಅದನ್ನು ಎಣಿಸುತ್ತಾರೆ, ನಾಡಿದ್ದು ಅದೇ ಡೆಸ್ಕಿಗೆ ‘ಅಧ್ಯಯನ’ವಾಗಿ ಮರಳುತ್ತದೆ. ಉದ್ದೇಶ ಯಾರು ಹೇಳಿದ್ದು ಎಂಬುದು ಸುದ್ದಿಯಲ್ಲಿ ಇರಲೇಬೇಕು: ದೂರುದಾರರು, ಎಫ್‌ಐಆರ್, ದೋಷಾರೋಪ ಪಟ್ಟಿ, ಅಥವಾ ತೀರ್ಪು.

ಒಂದೂವರೆ ತಾಸಿನಲ್ಲಿ ಆಗುವುದು

ಎಂಟೂವರೆಗೆ ಬಂದ ಕಾಪಿ ಹತ್ತಕ್ಕೆ ಹೋಗಬೇಕು. ಮೂಲ ಬರಹವನ್ನು ತೆರೆಯುವುದು ಮೊದಲ ಕೆಲಸ. ಏಜೆನ್ಸಿ (ಸುದ್ದಿಸಂಸ್ಥೆ) ಕಾಪಿಯ ಮೇಲೆ ಮತ್ತೊಂದು ಏಜೆನ್ಸಿ ಕಾಪಿ ಓದುವುದರಿಂದ ಏನೂ ಸಿಗದು. ಅದರಲ್ಲಿ ಹುಡುಕಬೇಕಾದ್ದು ಮೂರು ವಾಕ್ಯ: ಮಾಹಿತಿ ಎಲ್ಲಿಂದ ತಂದರು, ಯಾವುದಕ್ಕೆ ಹೋಲಿಸಿದರು, ಏನನ್ನು ಹೇಳಲಾಗದು ಎಂದು ತಾವೇ ಒಪ್ಪಿದ್ದಾರೆ. ಹದಿನೈದು ನಿಮಿಷ ಸಾಕು. ಮಾಹಿತಿಯ ಮೂಲಕ್ಕೆ, ಅಂದರೆ ಎಡಿಎಲ್ ನಕ್ಷೆಯ ಪುಟಕ್ಕೆ ಹೋಗಿ ಏನೇನು ಎಣಿಸುತ್ತಾರೆ ಎಂದು ನೋಡಲು ಇನ್ನೊಂದು ಹತ್ತು ನಿಮಿಷ.

ಲೇಖಕರಿಗೆ ಮೇಲ್ ಕಳಿಸುವುದನ್ನು ಯಾರೂ ಮಾಡುವುದಿಲ್ಲ, ಮಾಡಿದರೆ ಫಲ ಇದೆ. ಮೂವರೂ ಆಗ ಟೆಕ್ಸಾಸ್‌ನಲ್ಲಿದ್ದವರು, ನಮ್ಮ ರಾತ್ರಿ ಎಂಟೂವರೆ ಎಂದರೆ ಅಲ್ಲಿ ಸೋಮವಾರ ಬೆಳಿಗ್ಗೆ ಹತ್ತು. ಪ್ರಶ್ನೆ ಒಂದೇ ಇರಲಿ: ಕೌಂಟಿಯ ಒಟ್ಟು ಜನಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿದಿದ್ದೀರಾ? ಉತ್ತರ ಬಾರದಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಂಕಿಸಂಖ್ಯಾಶಾಸ್ತ್ರ ವಿಭಾಗವಿದೆ. ಅಲ್ಲಿನ ಒಬ್ಬ ಅಧ್ಯಾಪಕರ ನಂಬರ್ ಡೆಸ್ಕಿನ ಡೈರಿಯಲ್ಲಿರಬೇಕು. ಚುನಾವಣಾ ವಿಶ್ಲೇಷಕರ ನಂಬರ್ ಹತ್ತಿರುತ್ತವೆ, ಇಂಥದ್ದು ಒಂದೂ ಇರುವುದಿಲ್ಲ. “ಸರ್, ಜನಸಂಖ್ಯೆ ಹಿಡೀದs ಹಿಂಗ ಹೋಲಿಸಬಹುದ್ರೀ?” ಎಂದು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಇಷ್ಟಾದ ಮೇಲೆ ಕಾಪಿ ಹೀಗೆ ಹೋಗಬಹುದಿತ್ತು:

“ಟ್ರಂಪ್ ಸಭೆ ನಡೆದಲ್ಲಿ ಹೆಚ್ಚು ದ್ವೇಷದ ಘಟನೆ: ಕರಡು ಪ್ರಬಂಧ
ವಾಷಿಂಗ್ಟನ್: 2016ರಲ್ಲಿ ಡೊನಾಲ್ಡ್ ಟ್ರಂಪ್ ಪ್ರಚಾರ ಸಭೆ ನಡೆಸಿದ ಕೌಂಟಿಗಳಲ್ಲಿ, ಸಭೆ ನಡೆಯದ ಅಂಥವೇ ಕೌಂಟಿಗಳಿಗೆ ಹೋಲಿಸಿದರೆ ದ್ವೇಷದ ಘಟನೆಗಳು ಮೂರೂ ಕಾಲು ಪಟ್ಟು ವರದಿಯಾಗಿವೆ ಎಂದು ಮೂವರು ರಾಜ್ಯಶಾಸ್ತ್ರಜ್ಞರು ಅಂದಾಜಿಸಿದ್ದಾರೆ. ಭಾಷಣವೇ ಕಾರಣ ಎಂದು ಖಚಿತವಾಗಿ ಹೇಳಲಾಗದು ಎಂದೂ ಅವರು ಬರೆದಿದ್ದಾರೆ. ಪ್ರಬಂಧ ಇನ್ನೂ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಗಿಲ್ಲ. ಧರ್ಮ, ಜನಾಂಗ ಮುಂತಾದ ಗುರುತಿನ ಕಾರಣಕ್ಕೆ ನಡೆದ ಘಟನೆಗಳ ಈ ಪಟ್ಟಿ ಎಡಿಎಲ್ ಎಂಬ ಸರ್ಕಾರೇತರ ಸಂಸ್ಥೆಯದು. ಅಪರಾಧವಲ್ಲದ ಘಟನೆಗಳೂ ಅದರಲ್ಲಿವೆ. ಕೌಂಟಿಗಳ ಒಟ್ಟು ಜನಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಲಾಗಿದೆಯೇ ಎಂಬುದು ಬರಹದಲ್ಲಿ ಸ್ಪಷ್ಟವಿಲ್ಲ.”

ಎರಡು ಕಾಲಂ ಬೇಡ, ಒಂದು ಸಾಕು. ಉಳಿದ ಜಾಗಕ್ಕೆ ಬೇರೆ ಸುದ್ದಿ ಹುಡುಕಬೇಕು. ಈ ಕೆಲಸದ ನಿಜವಾದ ಖರ್ಚು ಅದೇ. ಡೆಸ್ಕ್ ಹಿಂಜರಿಯುವುದೂ ಅದಕ್ಕೇ.

ಸೆಪ್ಟೆಂಬರ್

ಮಾರ್ಚ್‌ನಲ್ಲಿ ಮೊದಲ ಕಾಪಿಯೇ ಅಚ್ಚಾಗಿಹೋಗಿದೆ ಎಂದಿಟ್ಟುಕೊಳ್ಳಿ. ಸೆಪ್ಟೆಂಬರಿನಲ್ಲಿ ವಿಮರ್ಶೆ ಬಂತು. ಹೆಚ್ಚಿನ ಡೆಸ್ಕುಗಳು ಮಾಡುವುದು ಎರಡರಲ್ಲಿ ಒಂದು: ಸುಮ್ಮನಿರುವುದು, ಇಲ್ಲವೇ ಜಾಲತಾಣದಿಂದ ಹಳೆಯ ಸುದ್ದಿಯನ್ನು ಸದ್ದಿಲ್ಲದೆ ಅಳಿಸುವುದು. ಅಳಿಸುವುದು ಇನ್ನೂ ಕೆಟ್ಟದ್ದು. ಇ-ಪೇಪರ್‌ನ ತುಣುಕು ವಾಟ್ಸ್‌ಆ್ಯಪ್‌ನಲ್ಲಿ ಉಳಿದಿರುತ್ತದೆ. ಅದನ್ನು ಪರೀಕ್ಷಿಸಲು ಬಂದವನಿಗೆ ಮೂಲ ಪುಟವೂ ಇಲ್ಲ, ತಿದ್ದುಪಡಿಯೂ ಇಲ್ಲ.

ಮೂರನೆಯ ತಪ್ಪೂ ಒಂದಿದೆ, ಅದು ಉತ್ಸಾಹದ್ದು: ‘ದ್ವೇಷಾಪರಾಧ ಹೆಚ್ಚಳ ಸುಳ್ಳು’ ಎಂದು ಹೊಸ ಸುದ್ದಿ ಮಾಡುವುದು. ಬಿದ್ದದ್ದು ಒಂದು ಅಂದಾಜು. ದ್ವೇಷಾಪರಾಧ ಇದೆಯೋ ಇಲ್ಲವೋ ಎಂಬುದು ಆ ಲೆಕ್ಕದ ಪ್ರಶ್ನೆಯೇ ಆಗಿರಲಿಲ್ಲ. ಮನೆಮನೆ ಸಮೀಕ್ಷೆಯ ಎರಡೂವರೆ ಲಕ್ಷ ಹಾಗೇ ಇದೆ. ಮೂಲ ಲೇಖಕರೂ ಅಲ್ಲಿಗೆ ಬಿಡಲಿಲ್ಲ. ಅವರ ಪ್ರಬಂಧ 2022ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘದ ‘ಪಿಎಸ್’ ಎಂಬ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಳೆಯ ಸುದ್ದಿಯ ಪುಟ ಇದ್ದಲ್ಲೇ ಇರಬೇಕು, ಶೀರ್ಷಿಕೆ ತಿದ್ದಿರಬೇಕು. ಶೀರ್ಷಿಕೆಯ ಕೆಳಗೆ, ಮೊದಲ ವಾಕ್ಯಕ್ಕಿಂತ ಮೇಲೆ, ತಾರೀಖಿನೊಂದಿಗೆ ಟಿಪ್ಪಣಿ ಇರಬೇಕು. ಮುದ್ರಿತ ಪತ್ರಿಕೆಯಲ್ಲಿ ಮೊದಲ ಸುದ್ದಿ ಬಂದ ಅದೇ ವಿದೇಶ ಪುಟದಲ್ಲಿ. ಟಿಪ್ಪಣಿ ಹೀಗಿರಬಹುದು:

“ಸೆಪ್ಟೆಂಬರ್ 2019: ಈ ಸುದ್ದಿಯ ಶೀರ್ಷಿಕೆಯಲ್ಲಿ ‘226 ಪಟ್ಟು’ ಎಂದಿದ್ದದ್ದು ತಪ್ಪು, ಮೂಲದಲ್ಲಿದ್ದದ್ದು ಶೇ 226ರಷ್ಟು ಹೆಚ್ಚಳ, ಅಂದರೆ ಮೂರೂ ಕಾಲು ಪಟ್ಟು. ‘ಭಾಷಣವೇ ಕಾರಣ’ ಎಂದು ಲೇಖಕರು ಹೇಳಿರಲಿಲ್ಲ. ಕೌಂಟಿಗಳ ಜನಸಂಖ್ಯೆಯನ್ನು ಲೆಕ್ಕಕ್ಕೆ ಸೇರಿಸಿದರೆ ಪರಿಣಾಮ ಕಾಣುವುದಿಲ್ಲ ಎಂದು ಹಾರ್ವರ್ಡ್‌ನ ಇಬ್ಬರು ಸಂಶೋಧಕರು ತೋರಿಸಿದ್ದಾರೆ.
2022: ಮೂಲ ಲೇಖಕರ ಪ್ರಬಂಧ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಗಿದೆ.”